ನಾಲ್ಕು ಗಂಟೆಯ ಹಾಸಿಗೆಗಳು

ಆಕೆಗೆ ಮಗ್ಗುಲಕ್ಕ ಅಂತ ಹೆಸರಿಟ್ಟವರು ರೋಗಿಗಳ ಕಡೆಯವರು. ಡಾಕ್ಟರುಗಳು ಎದುರಿಗೆ ಸಿಸ್ಟರ್ ಅನ್ನುತ್ತಿದ್ದರು, ಹಿಂದಿನಿಂದ ಅವರಿಗೂ ಮಗ್ಗುಲಕ್ಕನೇ. ಅದು ಮಲಗಿದಲ್ಲಿಂದ ಏಳಲಾರದವರ ವಾರ್ಡು. ಲಕ್ವ ಹೊಡೆದವರು, ಬೆನ್ನುಮೂಳೆ ಮುರಿದವರು, ತಲೆಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಕಣ್ಣು ಬಿಡದವರು. ಮೂವತ್ತೆರಡು ಮಂಚ. ಎರಡೆರಡು ಗಂಟೆಗೊಮ್ಮೆ ಅಷ್ಟೂ ಜನರ ಮಗ್ಗುಲು ಬದಲಿಸಬೇಕು: ಎಡ, ಬೆನ್ನು, ಬಲ, ಮತ್ತೆ ಬೆನ್ನು. ಈ ಕೆಲಸವನ್ನು ಆಕೆ ಇಪ್ಪತ್ತೇಳು ವರ್ಷ ಮಾಡಿದ್ದಳು.

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಎಪ್ಪತ್ತು ಕಿಲೋ ಮನುಷ್ಯ ತನ್ನ ಕಡೆಯಿಂದ ಒಂದು ಗುಲಗಂಜಿಯಷ್ಟೂ ಸಹಾಯ ಮಾಡುವುದಿಲ್ಲ. ಎರಡು ಬದಿಗೆ ಇಬ್ಬರು ನಿಂತು, ಅವನ ಕೆಳಗಿನ ಅಡ್ಡ ಶೀಟಿನ ಅಂಚನ್ನು ಮುಷ್ಟಿಗೆ ಸುತ್ತಿಕೊಂಡು, ಒಟ್ಟಿಗೆ ಉಸಿರು ಬಿಟ್ಟು ಎಳೆಯಬೇಕು. ಮೂತ್ರದ ನಳಿಗೆ ಸಿಕ್ಕಿಕೊಳ್ಳಬಾರದು. ಮೊಣಕಾಲುಗಳ ನಡುವೆ ದಿಂಬು ಬೇಕು, ಹಿಮ್ಮಡಿ ಹಾಸಿಗೆಗೆ ತಾಗಬಾರದು, ಬೆನ್ನಡಿಯ ಬಟ್ಟೆಯಲ್ಲಿ ಸುಕ್ಕು ಇರಬಾರದು. ತಿರುಗಿಸಿದ ಮೇಲೆ ಆಕೆ ಸೊಂಟದ ಎಲುಬು, ಬಾಲದೆಲುಬು, ಹಿಮ್ಮಡಿಗಳ ಮೇಲೆ ಅಂಗೈಯ ಹಿಂಬದಿಯನ್ನು ಇಟ್ಟು ನೋಡುತ್ತಿದ್ದಳು. ಕಪ್ಪು ಚರ್ಮದಲ್ಲಿ ಕೆಂಪು ಕಣ್ಣಿಗೆ ಬೀಳುವುದಿಲ್ಲ, ಬಿಸಿ ಕೈಗೆ ತಿಳಿಯುತ್ತದೆ. ಇದನ್ನು ಯಾವ ಪುಸ್ತಕವೂ ಆಕೆಗೆ ಹೇಳಿಕೊಟ್ಟಿರಲಿಲ್ಲ.

ನೌಕರಿಗೆ ಸೇರಿದ ಮೊದಲ ವರ್ಷ ಕತ್ತು ಮುರಿದ ಒಬ್ಬ ಹಮಾಲಿ ಬಂದಿದ್ದ. ಎದೆಯಿಂದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಏನು ಕೆಟ್ಟ ವಾಸನೆ ಅಂತ ಒಂದು ದಿನ ಅವನೇ ಕೇಳಿದ. ತಿರುಗಿಸಿ ನೋಡಿದರೆ ಬಾಲದೆಲುಬಿನ ಹತ್ತಿರ ಮುಷ್ಟಿ ಹಿಡಿಸುವಷ್ಟು ಹುಣ್ಣು, ಒಳಗೆ ಬೆಳ್ಳಗೆ ಎಲುಬು. ಅವನು ಕತ್ತಿನಿಂದ ಸಾಯಲಿಲ್ಲ, ಹುಣ್ಣಿನಿಂದ ಸತ್ತ. ಮಗ್ಗುಲಕ್ಕ ಇದನ್ನು ಯಾರಿಗೂ ಕಥೆ ಮಾಡಿ ಹೇಳಿದವಳಲ್ಲ. ಹೊಸದಾಗಿ ಸೇರಿದ ಹುಡುಗಿಯರು ಹತ್ತು ನಿಮಿಷ ತಡ ಮಾಡಿದರೆ ಅವರ ಮುಖ ನೋಡುತ್ತಿದ್ದಳು. ಆ ನೋಟಕ್ಕೆ ಹೆದರಿ ಇಬ್ಬರು ಬೇರೆ ವಾರ್ಡಿಗೆ ವರ್ಗ ಕೇಳಿಕೊಂಡು ಹೋಗಿದ್ದರು.

ಮನೆ ಆಸ್ಪತ್ರೆಯಿಂದ ಮೂರು ಬಸ್‌ ಸ್ಟಾಪಿನಾಚೆ, ಕಬ್ಬಿಣದ ಅಂಗಡಿಯ ಮೇಲಿನ ಎರಡು ಕೋಣೆ. ಗಂಡ ಬಸ್‌ ಡಿಪೋದಲ್ಲಿ ಮೆಕ್ಯಾನಿಕ್‌. ಮದುವೆಯಾಗದೆ ಉಳಿದ ನಾದಿನಿ ಕಿಟಕಿಯ ಬಳಿ ಹೊಲಿಗೆ ಮಿಷನ್‌ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮೂವರೂ ದುಡಿಯುವ ಜನ. ಸಂಜೆ ಮೂವರಿಗೂ ಸೊಂಟ ನೋವು. ಮೂರು ಜನಕ್ಕೆ ಮನೆಯಲ್ಲಿದ್ದದ್ದು ಒಂದೇ ಬಿಸಿನೀರಿನ ಚೀಲ, ಅದಕ್ಕೆ ಪಾಳಿ.

ರಿಸರ್ಚ್‌ ಡಾಕ್ಟರು ವಾರ್ಡಿಗೆ ಬಂದದ್ದು ಆಸ್ಪತ್ರೆ ಹೊಸ ನಮೂನೆಯ ಹಾಸಿಗೆಗಳನ್ನು ಕೊಂಡ ವರ್ಷ. ನಲವತ್ತರ ಆಸುಪಾಸಿನ ಮನುಷ್ಯ. ಕೆಟ್ಟವರಲ್ಲ. ರೋಗಿಗಳನ್ನು ಮುಟ್ಟಿ ಮಾತಾಡಿಸುತ್ತಿದ್ದರು, ಅದು ಎಲ್ಲ ಡಾಕ್ಟರುಗಳಿಗೂ ಬರುವ ಅಭ್ಯಾಸವಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: ಈ ಮೆತ್ತನೆ ಹಾಸಿಗೆಯ ಮೇಲೆ ಮಲಗಿದವರನ್ನು ಎರಡು ಗಂಟೆಗೊಮ್ಮೆ ತಿರುಗಿಸಲೇಬೇಕೋ, ನಾಲ್ಕು ಗಂಟೆಗೊಮ್ಮೆ ಸಾಕೋ? ಸಾಕು ಅನ್ನುವುದಾದರೆ ರೋಗಿಗೆ ನಿದ್ದೆ ಕೆಡುವುದಿಲ್ಲ, ನರ್ಸಿಗೆ ಸೊಂಟ ಮುರಿಯುವುದಿಲ್ಲ.

ಇದನ್ನು ತಿಳಿಸಲು ಊಟದ ಹೊತ್ತಿನಲ್ಲಿ ಒಂದು ಸಭೆ ಕರೆದರು. ನರ್ಸುಗಳು ಉಣ್ಣುವುದು ಯಾವಾಗ ಅಂತ ಕರೆದವರಿಗೆ ಹೊಳೆಯಲಿಲ್ಲ. ಬಿಸ್ಕತ್ತು ಇಟ್ಟಿದ್ದರು. ಹದಿನಾಲ್ಕು ಜನಕ್ಕೆ ಒಂಬತ್ತು ಕುರ್ಚಿ. ಒಪ್ಪಿಗೆ ಕೊಟ್ಟ ನೂರಾ ಇಪ್ಪತ್ತು ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡುತ್ತೇವೆ, ಮಂಚದ ಕಾಲಿಗೆ ನೀಲಿ ಚೀಟಿ ಅಂಟಿಸಿದ್ದರೆ ಎರಡು ಗಂಟೆ, ಹಳದಿ ಇದ್ದರೆ ನಾಲ್ಕು ಗಂಟೆ, ತಿರುಗಿಸಿದ ಹೊತ್ತನ್ನು ಹೊಸ ಫಾರಂನಲ್ಲಿ ಬರೆಯಬೇಕು, ಎಂಟು ತಿಂಗಳು. ಡಾಕ್ಟರು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು.

ಹಿಂದೆ ಗೋಡೆಗೆ ಒರಗಿ ನಿಂತವರಲ್ಲಿ ಗುಸುಗುಸು ಎದ್ದಿತು. ವಾರ್ಡಿನಲ್ಲಿ ಆಗಲೇ ಹನ್ನೊಂದು ರಿಜಿಸ್ಟರು ಇದ್ದವು, ಇದು ಹನ್ನೆರಡನೆಯದು. ಓದಿ ದೊಡ್ಡವರಾಗುವವರು ಡಾಕ್ಟರು, ಗೆರೆ ಎಳೆದು ತುಂಬಿಸುವವರು ನಾವು ಅಂತ ಒಬ್ಬಳು ಅಂದಳು. ಕಡೆಗೆ ಛಾಪಿಸುವಾಗ ನಮ್ಮ ಹೆಸರು ಇರುತ್ತಾ ಅಂತ ಇನ್ನೊಬ್ಬಳು ಕೇಳಿಯೇಬಿಟ್ಟಳು. ಕೃತಜ್ಞತೆಯ ಭಾಗದಲ್ಲಿ ನರ್ಸಿಂಗ್‌ ಸಿಬ್ಬಂದಿ ಅಂತ ಖಂಡಿತ ಹಾಕುತ್ತೇವೆ ಅಂದರು ಡಾಕ್ಟರು. ಕೃತಜ್ಞತೆ ಹಾಸಿಗೆ ಕಂಪನಿಗೆ ಮೊದಲೋ ನಮಗೆ ಮೊದಲೋ ಅಂತ ಅದೇ ಹುಡುಗಿ ಮತ್ತೆ ಕೇಳಿದಳು. ಎಲ್ಲರೂ ನಕ್ಕರು, ಡಾಕ್ಟರೂ ನಕ್ಕರು.

ಮಗ್ಗುಲಕ್ಕ ಸಭೆಗಳಲ್ಲಿ ಬಾಯಿ ತೆರೆಯುವವಳಲ್ಲ. ಅವತ್ತು ತೆರೆದಳು.

“ಡಾಕ್ಟ್ರೇ, ಹಳದಿ ಚೀಟಿಯವರಿಗೆ ಮೂರು ಗಂಟೆಗೇ ಚರ್ಮ ಬಿಸಿ ಆದ್ರೆ ಏನು ಮಾಡೋದು? ನಾಲ್ಕು ಆಗ್ಲಿ ಅಂತ ಕಾಯ್ಬೇಕಾ?”

“ಎಲ್ಲಾ ಪ್ರೋಟೋಕಾಲ್‌ನಲ್ಲಿ ಇದೆ ಸಿಸ್ಟರ್‌,” ಅಂದರು ಡಾಕ್ಟರು, ಗಡಿಯಾರ ನೋಡಿಕೊಳ್ಳುತ್ತಾ. ಅವರಿಗೆ ಓಪಿಡಿಗೆ ತಡವಾಗುತ್ತಿತ್ತು.

ಪ್ರೋಟೋಕಾಲ್‌ ಅನ್ನುವುದು ನಲವತ್ತಾರು ಪುಟದ ಇಂಗ್ಲಿಷ್‌ ಪುಸ್ತಕ. ಅದು ಡಾಕ್ಟರ ಕೋಣೆಯ ಬೀರುವಿನಲ್ಲಿ ಇತ್ತು. ನರ್ಸುಗಳ ಕೈಗೆ ಬಂದದ್ದು ಒಂದು ಹಾಳೆ, ಅದರಲ್ಲಿ ಗಂಟೆಗಳ ಪಟ್ಟಿ ಮಾತ್ರ. ಚರ್ಮ ಕೆಂಪಾದರೆ ತಕ್ಷಣ ತಿರುಗಿಸಿ, ಕಾರಣ ಬರೆದು, ಆ ರೋಗಿಯನ್ನು ಅಧ್ಯಯನದಿಂದ ಹೊರಗಿಡಬೇಕು ಅಂತ ಆ ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ವಾರ್ಡಿನ ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಬೀರುವಿನ ಬೀಗದ ಕೈ ಕೇಳುವುದು ತಮ್ಮ ಕೆಲಸ ಅಂತ ಅವರಿಗೂ ಅನ್ನಿಸಲಿಲ್ಲ.

ಮೊದಲ ಹಳದಿ ಚೀಟಿ ಬಿದ್ದದ್ದು ನಿವೃತ್ತ ಮೇಷ್ಟ್ರಿಗೆ. ಲಕ್ವ ಹೊಡೆದು ಒಂದು ತಿಂಗಳಾಗಿತ್ತು, ಎಲುಬಿಗೆ ಚರ್ಮ ಅಂಟಿದ ಶರೀರ. ಬೆಳಿಗ್ಗೆ ಹತ್ತಕ್ಕೆ ತಿರುಗಿಸಿದ್ದರು. ಹನ್ನೆರಡಾಯಿತು. ಮಗ್ಗುಲಕ್ಕ ಪಕ್ಕದ ನೀಲಿ ಚೀಟಿಯವನನ್ನು ತಿರುಗಿಸಿ, ಮೇಷ್ಟ್ರ ಮಂಚ ದಾಟಿ, ಅದರಾಚೆಯ ಮಂಚಕ್ಕೆ ಹೋದಳು. ಅಲ್ಲಿಂದ ವಾಪಸು ಬಂದಳು. ಅಂಗೈ ಹಿಂಬದಿಯನ್ನು ಮೇಷ್ಟ್ರ ಸೊಂಟದಡಿ ತೂರಿಸಿದಳು. ಬಿಸಿ ಇತ್ತೋ, ಇದ್ದ ಹಾಗೆ ಅನ್ನಿಸಿತೋ, ಆಮೇಲೆ ವಿಚಾರಣೆಯಲ್ಲಿ ಕೇಳಿದಾಗ ಆಕೆಗೆ ಹೇಳಲಾಗಲಿಲ್ಲ. ಆಯಾಳನ್ನು ಕರೆದಳು.

ಆಯಾ ಆ ವಾರ್ಡಿನಲ್ಲಿ ಆಕೆಗಿಂತ ಹಳಬಳು. ಮಂಚದ ಕಾಲಿನ ಹಳದಿ ಚೀಟಿ ನೋಡಿದಳು, ಮಗ್ಗುಲಕ್ಕನ ಮುಖ ನೋಡಿದಳು, ಒಣಗಿ ಗರಿಗರಿಯಾಗಿದ್ದ ಶೀಟನ್ನು ಎರಡು ಬೆರಳಲ್ಲಿ ಹಿಡಿದು, “ಪೂರಾ ಒದ್ದೆ ಆಗಿದೆ ಅಕ್ಕಾ, ಬದಲಾಯಿಸ್ಬೇಕು,” ಅಂದಳು.

ಶೀಟು ಬದಲಿಸಬೇಕಾದರೆ ಮನುಷ್ಯನನ್ನು ತಿರುಗಿಸಲೇಬೇಕು. ತಿರುಗಿಸಿದರು. ಫಾರಂನಲ್ಲಿ ಮಗ್ಗುಲಕ್ಕ ಹತ್ತು, ಎರಡು, ಆರು ಅಂತ ಬರೆದಳು.

ಇವತ್ತೊಂದು ದಿನ ಅಂದುಕೊಂಡಿದ್ದಳು. ಎರಡು ವಾರ ಕಳೆಯುವ ಹೊತ್ತಿಗೆ ಅಂದುಕೊಳ್ಳುವುದೂ ನಿಂತಿತು. ಕೈಗೆ ಕೈ ಕೆಲಸ, ಪೆನ್ನಿಗೆ ಪೆನ್ನಿನ ಕೆಲಸ. ಫಾರಂ ಡಾಕ್ಟರದು, ಅವರಿಗೆ ಬೇಕಾದ ಹಾಗೆ ಇರಲಿ. ಬೆನ್ನು ರೋಗಿಯದು, ಅದಕ್ಕೆ ಬೇಕಾದದ್ದು ಆಗಲಿ. ಇದರಲ್ಲಿ ಯಾರಿಗೆ ಏನು ನಷ್ಟ ಅಂತ ಆಕೆಗೆ ನಿಜವಾಗಿಯೂ ಹೊಳೆದಿರಲಿಲ್ಲ. ರಿಸರ್ಚ್‌ ಅಂದರೆ ಡಾಕ್ಟರುಗಳು ಬಡ್ತಿಗೆ ಮಾಡಿಕೊಳ್ಳುವ ಒಂದು ವ್ಯವಹಾರ ಅಂತ ಅಲ್ಲಿ ಎಲ್ಲರೂ ತಿಳಿದಿದ್ದರು. ಬರೆದದ್ದು ಒಂದು ದಿನ ಇದೇ ಮಂಚಗಳ ಬಳಿಗೆ ವಾಪಸು ನಡೆದುಬರುತ್ತದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಲಾಂಡ್ರಿಯವನು ಮಾತ್ರ ಒಂದು ಸಲ ಬಾಗಿಲಲ್ಲಿ ನಿಂತು ಕೇಳಿದ, ನಿಮ್ಮ ವಾರ್ಡಿನವರೆಲ್ಲ ಒಟ್ಟಿಗೇ ಉಚ್ಚೆ ಹೊಯ್ಯಲು ಶುರುಮಾಡಿದ್ದಾರಾ, ಶೀಟಿನ ಗಂಟು ಎರಡು ಪಟ್ಟು ಆಗಿದೆಯಲ್ಲ ಅಂತ. ಮಳೆಗಾಲ ಅಲ್ವಾ ಅಂದಳು ಆಯಾ. ಹೊರಗೆ ಸುಡು ಬಿಸಿಲು ಇತ್ತು.

ಎಂಟು ತಿಂಗಳಾದ ಮೇಲೆ ಡಾಕ್ಟರು ಕೇಕ್‌ ತರಿಸಿ ವಾರ್ಡಿಗೆ ಹಂಚಿದರು. ನೀಲಿ ಗುಂಪಿನ ಅರವತ್ತರಲ್ಲಿ ಮೂವರಿಗೆ ಹುಣ್ಣಾಗಿತ್ತು, ಹಳದಿ ಗುಂಪಿನ ಅರವತ್ತರಲ್ಲೂ ಮೂವರಿಗೆ. ವ್ಯತ್ಯಾಸವೇ ಇಲ್ಲ. ನಾಲ್ಕು ಗಂಟೆ ಸಾಕು. ಲೇಖನ ಬರೆದು ಒಂದು ವೈದ್ಯಕೀಯ ಪತ್ರಿಕೆಗೆ ಕಳಿಸಿದ್ದಾಯಿತು ಅಂದರು. ಮಗ್ಗುಲಕ್ಕ ಕೇಕ್‌ ತಿಂದಳು. ರುಚಿಯಾಗಿಯೇ ಇತ್ತು ಅಂತ ಆಮೇಲೂ ಒಪ್ಪಿಕೊಂಡಳು.

ಹತ್ತು ದಿನ ಬಿಟ್ಟು ಸೂಪರಿಂಟೆಂಡೆಂಟರ ಆದೇಶ ಬಂತು. ಮೇಟ್ರನ್‌ ಅದನ್ನು ತಾವೇ ತಂದು ನೋಟಿಸ್‌ ಬೋರ್ಡಿಗೆ ಚುಚ್ಚಿದರು, ಯಾರ ಮುಖವನ್ನೂ ನೋಡದೆ ಹೋದರು. ನಮ್ಮದೇ ಆಸ್ಪತ್ರೆಯಲ್ಲಿ ನಡೆದ ಅಧ್ಯಯನದ ಆಧಾರದ ಮೇಲೆ, ಬರುವ ಒಂದನೇ ತಾರೀಖಿನಿಂದ ಸದರಿ ವಾರ್ಡಿನಲ್ಲಿ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸತಕ್ಕದ್ದು. ಕೆಲಸದ ಹೊರೆ ಅರ್ಧಕ್ಕೆ ಇಳಿಯುವುದರಿಂದ ಹಗಲಿನ ಪ್ರತಿ ಪಾಳಿಯ ಐವರು ನರ್ಸುಗಳಲ್ಲಿ ಇಬ್ಬರನ್ನು ಹೊಸ ಸ್ಪೆಷಲ್‌ ವಿಭಾಗಕ್ಕೆ ಕಳಿಸತಕ್ಕದ್ದು. ಸ್ಪೆಷಲ್‌ ವಿಭಾಗ ಅಂದರೆ ದುಡ್ಡು ಕೊಟ್ಟು ಮಲಗುವವರದು. ಅಲ್ಲಿಗೆ ಜನ ಬೇಕಾಗಿತ್ತು. ಆದೇಶದ ಹೊಟ್ಟೆಯಲ್ಲಿದ್ದ ವಿಷಯ ಅದೇ, ಅಧ್ಯಯನ ಅದರ ಮೇಲೆ ಹೊದಿಸಿದ ಬಟ್ಟೆ.

ಮಗ್ಗುಲಕ್ಕ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದಳು. ಒಂದನೇ ತಾರೀಖಿಗೆ ಏಳು ದಿನ ಇತ್ತು. ಹಳದಿ ಚೀಟಿಯವರು ನಾಲ್ಕು ಗಂಟೆ ಒಂದೇ ಮಗ್ಗುಲಲ್ಲಿ ಮಲಗಿ ಚೆನ್ನಾಗಿದ್ದರು ಅಂತ ಆದೇಶ ಹೇಳುತ್ತಿತ್ತು. ತನ್ನ ಪಾಳಿಯಲ್ಲಿ ಒಬ್ಬನೂ ನಾಲ್ಕು ಗಂಟೆ ಒಂದೇ ಮಗ್ಗುಲಲ್ಲಿ ಮಲಗಿರಲಿಲ್ಲ. ಅದು ಗೊತ್ತಿದ್ದದ್ದು ತನಗೆ ಮತ್ತು ಆಯಾಗೆ. ಹೇಳಿದರೆ ದಾಖಲೆಯಲ್ಲಿ ಸುಳ್ಳು ಬರೆದ ಅಪರಾಧ, ನೌಕರಿಯಿಂದ ತೆಗೆಯಲು ಅಷ್ಟು ಸಾಕು, ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ಹೇಳದಿದ್ದರೆ ಒಂದನೇ ತಾರೀಖಿನಿಂದ ಮೂವತ್ತೆರಡು ಬೆನ್ನುಗಳಿಗೆ ಮೂರು ಜೊತೆ ಕೈ.

ಸಂಜೆ ಮನೆಯಲ್ಲಿ ಹೇಳಿದಳು. ಗಂಡ ಕೈಯ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದವನು ಒರೆಸುವುದನ್ನು ನಿಲ್ಲಿಸಿದ.

“ತಡಿ. ಬ್ರೇಕ್‌ ನೋಡ್ದೇನೇ ನೋಡಿದೀನಿ ಅಂತ ಸಹಿ ಹಾಕ್ದೋರನ್ನ ನಮ್ಮ ಡಿಪೋದಲ್ಲಿ ಮನೆಗೆ ಕಳ್ಸಿದಾರೆ. ನೀನು ಕೆಲ್ಸ ಮಾಡಿ, ಮಾಡಿಲ್ಲ ಅಂತ ಸಹಿ ಹಾಕಿದೀಯ. ಇಂಥ ಕೇಸು ನನ್ನ ಸರ್ವೀಸಲ್ಲೇ ನೋಡಿಲ್ಲ ಕಣೇ.”

“ಸುಳ್ಳು ಬರಿಯೋಕೂ ಸೊಂಟ ಮುರ್ಕೊಂಡು ದುಡಿದೋರು ನೀವೊಬ್ರೇ ಅತ್ತಿಗೆ,” ಅಂದಳು ನಾದಿನಿ, ಮಿಷನ್ನಿನಿಂದ ತಲೆ ಎತ್ತದೆ.

ಮೂವರೂ ಸ್ವಲ್ಪ ನಕ್ಕರು. ಆಮೇಲೆ ಗಂಡ ಲೆಕ್ಕ ಹಾಕಿದ, ತನ್ನ ಸಂಬಳದಲ್ಲಿ ಬಾಡಿಗೆ ಹೋಗುತ್ತದೆ, ನಾದಿನಿಯ ಹೊಲಿಗೆಯಲ್ಲಿ ಅಂಗಡಿ ಸಾಮಾನು ಬರುತ್ತದೆ, ಉಸಿರು ಹಿಡಿದರೆ ಬದುಕಬಹುದು. ಹೇಳು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾದಿನಿ ಒಂದು ಪ್ರಶ್ನೆ ಕೇಳಿದಳು: ಹೇಳದೆ ಇದ್ದರೆ ಒಂದನೇ ತಾರೀಖಿಗೆ ಆ ವಾರ್ಡಿಗೆ ಹೇಗೆ ಕಾಲಿಡುತ್ತೀರಿ? ಮಗ್ಗುಲಕ್ಕ ಬಿಸಿನೀರಿನ ಚೀಲ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಅದು ನಾದಿನಿಯ ಪಾಳಿ. ಯಾರೂ ಜಗಳ ತೆಗೆಯಲಿಲ್ಲ.

ಮಾರನೆಯ ದಿನ ಡ್ಯೂಟಿ ಮುಗಿಸಿ ಡಾಕ್ಟರ ಕೋಣೆಗೆ ಹೋದಳು. ಕುಳಿತುಕೊಳ್ಳಿ ಅಂದರು, ಕೂರಲಿಲ್ಲ. ನಿಂತೇ ಹೇಳಿ ಮುಗಿಸಿದಳು. ಡಾಕ್ಟರಿಗೆ ಮೊದಲು ಅರ್ಥವೇ ಆಗಲಿಲ್ಲ. ಯಾರೋ ಒಬ್ಬಿಬ್ಬರನ್ನು ಅಪರೂಪಕ್ಕೆ ತಿರುಗಿಸಿರಬೇಕು ಅಂದುಕೊಂಡು ಎಷ್ಟು ಸಲ ಅಂತ ಕೇಳಿದರು.

“ಪ್ರತಿ ಸಲ. ಎಂಟು ತಿಂಗಳು. ನನ್ನ ಪಾಳಿ ಇದ್ದಾಗೆಲ್ಲ.”

“ಫಾರಂನಲ್ಲಿ?”

“ನಿಮ್ಮ ಹಾಳೇಲಿ ಇದ್ದ ಹಾಗೆ ಬರ್ದಿದೀನಿ.”

ಡಾಕ್ಟರು ಮೇಜಿನ ಮೇಲಿದ್ದ ಫಾರಂಗಳ ಫೈಲನ್ನು ಹತ್ತಿರಕ್ಕೆ ಎಳೆದುಕೊಂಡರು. ಕೋಪ ಬಂದದ್ದು ಆಮೇಲೆ. ದನಿ ಏರಿಸಲಿಲ್ಲ, ಅದು ಅವರ ಸ್ವಭಾವವಲ್ಲ.

“ಎರಡು ವರ್ಷದ ಕೆಲಸ ಸಿಸ್ಟರ್‌. ನೂರಿಪ್ಪತ್ತು ಜನ ನನ್ನ ನಂಬಿ ಹೆಬ್ಬೆಟ್ಟು ಒತ್ತಿದಾರೆ. ನನ್ನ ಹತ್ರ ಒಂದ್‌ ಮಾತು ಹೇಳ್ಬೋದಿತ್ತಲ್ಲ. ಆಗಲ್ಲ ಅಂತ ಹೇಳ್ಬೋದಿತ್ತು.”

“ನೀವು ಕೇಳಿದ್ದು ಸಹಿ ಡಾಕ್ಟ್ರೇ. ಆಗುತ್ತಾ ಅಂತ ಕೇಳ್ಲಿಲ್ಲ.”

“ನಾಲ್ಕು ಗಂಟೆ ಸಾಕಾಗಲ್ಲ ಅಂತ ನಿಮಗೆ ಅಷ್ಟು ಗ್ಯಾರಂಟಿನಾ?”



“ಇಲ್ಲ,” ಅಂದಳು. “ಸಾಕಾಗ್ಬೋದೇನೋ. ಹಾಸಿಗೆ ಚೆನ್ನಾಗೇ ಇದೆ. ಈಗ ಯಾರಿಗೂ ಗೊತ್ತಾಗಲ್ಲ. ಗೊತ್ತಾಗ್ದಿರೋ ಹಾಗೆ ನಾನೇ ಮಾಡ್ದೆ.”

ಡಾಕ್ಟರು ಎರಡು ದಿನ ಸುಮ್ಮನಿರಿ ಅಂತ ಕೇಳಿಕೊಂಡರು. ಒಂದನೇ ತಾರೀಖಿಗೆ ಆರು ದಿನ ಇದೆ, ಎರಡು ಕೊಡಬಹುದು ಅಂದಳು. ಆ ಎರಡು ದಿನ ಅವರು ಏನು ಮಾಡಿದರು, ಯಾರ ಹತ್ತಿರ ಸಲಹೆ ಕೇಳಿದರು ಗೊತ್ತಿಲ್ಲ. ಮುಚ್ಚಿಹಾಕು ಅಂತ ಹೇಳುವವರಿಗೆ ಯಾವ ಆಸ್ಪತ್ರೆಯಲ್ಲೂ ಬರಗಾಲವಿಲ್ಲ. ಮೂರನೆಯ ದಿನ ಬೆಳಿಗ್ಗೆ ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ವಾಪಸು ಪಡೆದು, ಮಾಹಿತಿ ನಂಬುವ ಹಾಗಿಲ್ಲ ಅಂತ ಸೂಪರಿಂಟೆಂಡೆಂಟರಿಗೆ ಪತ್ರ ಬರೆದರು. ಕೇಕ್‌ ಹಂಚಿದ ಮನುಷ್ಯ ಇಷ್ಟನ್ನಾದರೂ ಮಾಡಿದ.

ವಿಚಾರಣೆಗೆ ಮೂವರು ಕೂತರು: ಸೂಪರಿಂಟೆಂಡೆಂಟರು, ಮೇಟ್ರನ್‌, ಹೊರಗಿನಿಂದ ಬಂದ ಕಾನೂನು ಕಾಲೇಜಿನ ಒಬ್ಬ ಮೇಡಂ. ಮಗ್ಗುಲಕ್ಕ ಡಾಕ್ಟರಿಗೆ ಹೇಳಿದ್ದನ್ನೇ ಹೇಳಿದಳು. ಸೂಪರಿಂಟೆಂಡೆಂಟರಿಗೆ ಅದನ್ನು ನಂಬುವ ಮನಸ್ಸಿರಲಿಲ್ಲ. ಆದೇಶ ಬಿದ್ದುಹೋಗಲಿ ಅಂತ ಈಕೆ ಈಗ ಕಥೆ ಕಟ್ಟುತ್ತಿರಬಹುದಲ್ಲ ಅಂದರು. ಆಗ ಲಾಂಡ್ರಿಯ ಪುಸ್ತಕ ತರಿಸಿದರು. ಎಂಟು ತಿಂಗಳ ಶೀಟುಗಳು ಅದರಲ್ಲಿ ಒಗೆದು ಹರವಿದ ಹಾಗೆ ಕಂಡವು. ಬೇರೆ ಯಾರು ಯಾರು ಹೀಗೆ ಮಾಡಿದ್ದಾರೆ ಅಂತ ಕೇಳಿದರು. ನನ್ನ ಕೈ ಏನು ಮಾಡಿತು ಅಂತ ನಾನು ಹೇಳಬಲ್ಲೆ, ಬೇರೆಯವರ ಕೈ ವಿಷಯ ಗೊತ್ತಿಲ್ಲ ಅಂದಳು. ಆಯಾಳ ಹೆಸರನ್ನೂ ಎತ್ತಲಿಲ್ಲ. ಎಪ್ಪತ್ತು ಕಿಲೋ ಮನುಷ್ಯನನ್ನು ಒಬ್ಬಳೇ ಹೇಗೆ ತಿರುಗಿಸಿದೆ ಅಂತ ಮೇಟ್ರನ್‌ ಕೇಳಬಹುದಿತ್ತು. ಹನ್ನೆರಡು ವರ್ಷ ಇದೇ ವಾರ್ಡಿನಲ್ಲಿ ದುಡಿದಿದ್ದ ಹೆಂಗಸು ಆಕೆ, ಕೇಳಲಿಲ್ಲ.

ಮಾರನೆಯ ದಿನ ಮೇಟ್ರನ್ನರ ಮೇಜಿನ ಮೇಲೆ ಚೀಟಿಗಳು ಬಂದು ಬಿದ್ದಿದ್ದವು. ಕೇಸ್‌ ಶೀಟಿನ ಹಿಂಬದಿಯಲ್ಲಿ ಬರೆದದ್ದು ಒಂದು, ಔಷಧಿ ಡಬ್ಬದ ರಟ್ಟಿನ ಮೇಲೆ ಒಂದು. ನಾನೂ ತಿರುಗಿಸಿದ್ದೇನೆ. ನಾನೂ. ಮಗ್ಗುಲಕ್ಕ ಬೆಳಿಗ್ಗೆ ಬಂದು ಬೆನ್ನು ನೋಡುತ್ತಾರೆ ಅನ್ನುವ ಹೆದರಿಕೆಗೆ ತಿರುಗಿಸಿದ್ದೇನೆ ಅಂತ ಒಬ್ಬಳು ಬರೆದಿದ್ದಳು. ಪ್ರತಿಯೊಬ್ಬಳೂ ತಾನೊಬ್ಬಳೇ ಕಳ್ಳಿ ಅಂತ ತಿಳಿದು ಎಂಟು ತಿಂಗಳು ಪಕ್ಕದವಳಿಂದ ಮುಚ್ಚಿಟ್ಟಿದ್ದಳು. ಒಟ್ಟು ಏಳು ಚೀಟಿ. ಹದಿನಾಲ್ಕರಲ್ಲಿ ಮಗ್ಗುಲಕ್ಕನನ್ನು ಬಿಟ್ಟರೆ ಉಳಿದ ಆರು ಮಂದಿಗೆ ಆ ವಾರ ಜ್ಞಾಪಕಶಕ್ತಿ ಕೈಕೊಟ್ಟಿತ್ತು. ಏಳು ಕಮ್ಮಿ ಸಂಖ್ಯೆಯಲ್ಲ. ಅದಕ್ಕಿಂತ ಕಮ್ಮಿ ಜನ ಸೇರಿ ಗೇಟು ಮುಚ್ಚಿಸಿದ ಕಾರ್ಖಾನೆಗಳಿವೆ.

ಏಳರಲ್ಲಿ ಒಂದು ಚೀಟಿ ಬೇರೆ ಥರದ್ದು. ರಾತ್ರಿ ಪಾಳಿಯವಳದು. ಮೂವತ್ತೆರಡು ಮಂಚಕ್ಕೆ ನಾವು ಇಬ್ಬರೇ ಇದ್ದೆವು, ನೀಲಿ ಚೀಟಿಯವರನ್ನೂ ಎರಡು ಗಂಟೆಗೆ ತಿರುಗಿಸಲು ಆಗಲಿಲ್ಲ, ಕೆಲವು ರಾತ್ರಿ ಐದು ಗಂಟೆಗೊಮ್ಮೆ, ಆದರೂ ಎರಡಕ್ಕೊಮ್ಮೆ ಅಂತ ಬರೆದೆವು. ಮೇಟ್ರನ್‌ ಅದನ್ನು ಓದಿ ಕನ್ನಡಕ ತೆಗೆದಿಟ್ಟರಂತೆ. ಹಗಲು ಹಳದಿಯವರು ನೀಲಿಯವರಂತೆ, ರಾತ್ರಿ ನೀಲಿಯವರು ಹಳದಿಯವರಿಗಿಂತ ಕಡೆ. ಡಾಕ್ಟರು ಹೋಲಿಸಿ ನೋಡಿದ್ದು ಒಂದೇ ಗುಂಪನ್ನು ಅದೇ ಗುಂಪಿನ ಜೊತೆ. ಈ ಚೀಟಿ ಮಗ್ಗುಲಕ್ಕನಿಗೆ ಬೇರೆ ಎಲ್ಲದಕ್ಕಿಂತ ಹೆಚ್ಚು ನಾಟಿತು. ಎಂಟು ತಿಂಗಳು ತನ್ನ ಕಣ್ಣೆದುರಿನ ವಾರ್ಡು, ಸಂಜೆಯಿಂದ ಬೆಳಗಿನವರೆಗೆ ಬೇರೆಯೇ ವಾರ್ಡಾಗಿತ್ತು. ಫಾರಂಗಳನ್ನು ನಂಬಿದ್ದವರಲ್ಲಿ ತಾನೂ ಒಬ್ಬಳು.

ಆದೇಶವನ್ನು ರದ್ದು ಮಾಡಿದೆವು ಅಂತ ಆಡಳಿತ ಯಾವತ್ತೂ ಬಾಯಿಬಿಟ್ಟು ಹೇಳುವುದಿಲ್ಲ. ಮುಂದಿನ ತೀರ್ಮಾನದವರೆಗೆ ತಡೆಹಿಡಿಯಲಾಗಿದೆ ಅಂತ ಒಂದು ಸಾಲು ಬಂತು. ಒಂದನೇ ತಾರೀಖು ಬಂದು ಹೋಯಿತು. ಹಗಲಿನ ಪಾಳಿಗೆ ಐವರು ಐವರಾಗಿಯೇ ಉಳಿದರು.

ಡಾಕ್ಟರು ಮೂರು ವಾರ ವಾರ್ಡಿನ ಆ ತುದಿಗೆ ಬರಲಿಲ್ಲ. ಬಂದಾಗ ಶೀಟಿನ ಬೀರುವಿನ ಪಕ್ಕದ ಸ್ಟೂಲಿನ ಮೇಲೆ ಕುಳಿತರು, ಕೈಯಲ್ಲಿ ಖಾಲಿ ನೋಟ್‌ಬುಕ್‌. ಮತ್ತೆ ಮಾಡಬೇಕು ಅಂತಿದ್ದೇನೆ, ಮೊದಲಿಂದ, ಏನು ತಪ್ಪಾಯಿತು ಹೇಳಿ ಅಂದರು. ಮಗ್ಗುಲಕ್ಕ ದಿಂಬಿಗೆ ಕವರು ಹಾಕುತ್ತಾ ಹೇಳಿದಳು, ಡಾಕ್ಟರು ಬರೆದುಕೊಂಡರು. ರಾತ್ರಿಗೆ ಇನ್ನಿಬ್ಬರು ಬೇಕು, ಇಲ್ಲದಿದ್ದರೆ ಶುರುವೇ ಮಾಡಬೇಡಿ. ಆ ನಲವತ್ತಾರು ಪುಟದಲ್ಲಿ ನಮಗೆ ಬೇಕಾದ ಐದಾರು ಪುಟ ನಮ್ಮ ಭಾಷೆಯಲ್ಲಿ ಗೋಡೆಗೆ ಹಾಕಿ. ಚರ್ಮ ಬಿಸಿ ಅನ್ನಿಸಿದರೆ ತಿರುಗಿಸುವ ಹಕ್ಕು ನರ್ಸಿಗೆ ಇರಲಿ, ಕಾರಣ ಬರೆಯುತ್ತೇವೆ. ಊಟದ ಹೊತ್ತಿಗೆ ಸಭೆ ಬೇಡ. ಆಗಲಿಲ್ಲ ಅಂತ ಬರೆಯಲು ಫಾರಂನಲ್ಲಿ ಒಂದು ಕಾಲಂ ಬಿಡಿ. ಅದು ಇಲ್ಲದಿದ್ದರೆ ಎಲ್ಲರೂ ಆಯಿತು ಅಂತಲೇ ಬರೆಯುತ್ತಾರೆ.

ಕೊನೆಯದನ್ನು ಡಾಕ್ಟರು ಎರಡು ಗೆರೆ ಎಳೆದು ಬರೆದುಕೊಂಡರು. ಹೆಸರಿನ ವಿಷಯ ಅವರೇ ಎತ್ತಿದರು, ಈ ಸಲ ಬರೆದವರ ಸಾಲಿನಲ್ಲೇ ಹಾಕುತ್ತೇನೆ ಅಂತ. ನನ್ನದೊಂದೇ ಆದರೆ ಬೇಡ, ಹದಿನಾಲ್ಕೂ ಹಾಕಿ ಅಂದಳು. ಅಷ್ಟು ಹಾಕಲು ಬಿಡುತ್ತಾರೋ ಕೇಳಿ ನೋಡುತ್ತೇನೆ ಅಂದರು. ಆ ಆರು ಜನರೂ ಸೇರಿಯಾ ಅಂತ ಪಕ್ಕದ ಮಂಚದ ಬಳಿಯಿದ್ದ ಆಯಾ ಕೇಳಿದಳು. ಅವರೂ ಶೀಟು ಎಳೆದಿದ್ದಾರಲ್ಲ ಅಂದಳು ಮಗ್ಗುಲಕ್ಕ.

“ನೀವು ಸೇರ್ಕೋತೀರಾ?” ಡಾಕ್ಟರು ಕೇಳಿದರು.

“ಸೇರ್ತೀನಿ. ಆದ್ರೆ ಹಳದಿಯವ್ರನ್ನ ನನಗೆ ಕೊಡ್ಬೇಡಿ. ಈ ಕೈ ಮಾತು ಕೇಳಲ್ಲ ಅಂತ ಈಗ ಗೊತ್ತಾಗಿದೆ. ಚರ್ಮ ನೋಡಿ ಬರಿಯೋ ಕೆಲ್ಸ ಕೊಡಿ.”

ಶಿಕ್ಷೆಯ ಪತ್ರ ಬಂದದ್ದು ಇದಾದ ಮೇಲೆ. ಕೆಲಸದಿಂದ ತೆಗೆಯಲಿಲ್ಲ. ಎರಡು ವರ್ಷ ಬಡ್ತಿ ಇಲ್ಲ, ಸೇವಾ ಪುಸ್ತಕದಲ್ಲಿ ಕಪ್ಪು ಟಿಪ್ಪಣಿ. ಚೀಟಿ ಬರೆದ ಏಳು ಮಂದಿಗೆ ಎಚ್ಚರಿಕೆ. ಮಗ್ಗುಲಕ್ಕನನ್ನು ಕಚೇರಿಗೆ ಕರೆಸಿ ಗುಮಾಸ್ತ ಪತ್ರವನ್ನು ಮುಂದಿಟ್ಟು, ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದ. ಆಕೆ ಓದಿದಳು. ಎರಡನೆಯ ಸಾಲಿನಲ್ಲಿ “ರೋಗಿಗಳ ಆರೈಕೆಯಲ್ಲಿ ತೋರಿದ ನಿರ್ಲಕ್ಷ್ಯಕ್ಕಾಗಿ” ಅಂತ ಇತ್ತು. ಪತ್ರವನ್ನು ಹಿಂದಕ್ಕೆ ದೂಡಿದಳು.

“ಇದು ನನ್ನದಲ್ಲ.”

ಗುಮಾಸ್ತ ನಕ್ಕ. “ಅದು ಅಚ್ಚಾಗಿರೋ ನಮೂನೆ ಸಿಸ್ಟರ್‌. ನರ್ಸುಗಳಿಗೆ ಅದೊಂದೇ ಇರೋದು. ಇಪ್ಪತ್ತು ವರ್ಷದಿಂದ ಎಲ್ರೂ ಅದಕ್ಕೇ ಹಾಕಿದಾರೆ.”

“ದಾಖಲೆಯಲ್ಲಿ ಸುಳ್ಳು ಬರೆದ್ಲು ಅಂತ ಬರೀರಿ, ಈಗ್ಲೇ ಹಾಕ್ತೀನಿ. ಆರೈಕೆಯಲ್ಲಿ ನಿರ್ಲಕ್ಷ್ಯ ಅಂದ್ರೆ ಹಾಕಲ್ಲ.”

“ಸುಳ್ಳು ಬರ್ದಿದ್ದು ಇದಕ್ಕಿಂತ ದೊಡ್ಡ ತಪ್ಪು, ಗೊತ್ತಿದೆಯಾ? ಶಿಕ್ಷೆ ಹೆಚ್ಚಾಗ್ಬೋದು.”

“ಗೊತ್ತಿದೆ.”

ಗುಮಾಸ್ತನಿಗೆ ಇಂಥ ಗಿರಾಕಿ ಹೊಸದು. ಕಡಿಮೆ ಮಾಡಿ ಅಂತ ಗೋಗರೆದವರನ್ನು ಕಂಡಿದ್ದ, ಜಾಸ್ತಿ ಮಾಡಿ ಅನ್ನುವವರನ್ನು ಕಂಡಿರಲಿಲ್ಲ. ಪತ್ರ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು. ಸೂಪರಿಂಟೆಂಡೆಂಟರು ಸಹಿ ಹಾಕದಿದ್ದರೆ ಸಂಬಳ ತಡೆಯಿರಿ ಅಂದರು. ಒಂದು ತಿಂಗಳ ಸಂಬಳ ತಡೆದರು. ಮನೆಯಲ್ಲಿ ಬಾಡಿಗೆ ಹೋಯಿತು, ಅಂಗಡಿ ಸಾಮಾನು ಬಂತು, ಉಸಿರು ಹಿಡಿದರು. ಒಂದು ಸಹಿಗೆ ಇಷ್ಟು ಹಟ ಯಾಕೆ ಅಂತ ವಾರ್ಡಿನ ಹುಡುಗಿಯರು ಕೇಳಿದರು. ಆಕೆ ದಿಂಬು ಎತ್ತಿಕೊಂಡು ಮುಂದಿನ ಮಂಚಕ್ಕೆ ನಡೆದಳು.

ಆರನೆಯ ವಾರ ಕಾನೂನು ಕಾಲೇಜಿನ ಮೇಡಂ ಫೈಲು ನೋಡಿ, ವಿಚಾರಣೆಯಲ್ಲಿ ಸಾಬೀತಾದದ್ದು ಸುಳ್ಳು ದಾಖಲೆ ಮಾತ್ರ, ನಿರ್ಲಕ್ಷ್ಯ ಅಂತ ನಾವು ಎಲ್ಲೂ ಬರೆದಿಲ್ಲವಲ್ಲ ಅಂತ ಟಿಪ್ಪಣಿ ಹಾಕಿದರು. ಅಚ್ಚಾದ ನಮೂನೆಯನ್ನು ಬಿಟ್ಟು ಹೊಸ ಪತ್ರ ಟೈಪ್‌ ಮಾಡಬೇಕಾಯಿತು. ಬಡ್ತಿ ಇಲ್ಲದ ಎರಡು ವರ್ಷ ಮೂರಾಯಿತು. ನಿವೃತ್ತಿಗೆ ಉಳಿದಿದ್ದ ನಾಲ್ಕರಲ್ಲಿ ಮೂರು ಅಂದರೆ ಲೆಕ್ಕಕ್ಕೆ ಬಡ್ತಿ ಇಲ್ಲವೆಂದೇ ಅರ್ಥ.

ಮಗ್ಗುಲಕ್ಕ ಅದನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದಳು. ರೋಗಿಗಳನ್ನು ಎರಡು ಗಂಟೆಗೊಮ್ಮೆ ತಿರುಗಿಸಿ, ನಾಲ್ಕು ಗಂಟೆಗೊಮ್ಮೆ ಎಂದು ಸುಳ್ಳು ದಾಖಲೆ ಬರೆದದ್ದಕ್ಕಾಗಿ. ಸರಿಯಾಗಿತ್ತು. ಸಹಿ ಹಾಕಿದಳು. ಒಂದು ಪ್ರತಿ ಬೇಕು ಅಂದಳು. ಶಿಕ್ಷೆಯ ಪತ್ರದ ಪ್ರತಿಯನ್ನು ಕೇಳಿ ಪಡೆಯುವ ಪದ್ಧತಿ ಇಲ್ಲ ಅಂದ ಗುಮಾಸ್ತ. ಆಕೆ ಎದುರಿನ ಬೆಂಚಿನ ಮೇಲೆ ಹೋಗಿ ಕುಳಿತಳು. ಸ್ವಲ್ಪ ಹೊತ್ತು ನೋಡಿ, ಗೊಣಗಿಕೊಂಡು, ಅವನು ಎದ್ದು ಜೆರಾಕ್ಸ್‌ ಮಿಷನ್ನಿನ ಕಡೆ ನಡೆದ.